ಮಾಲ್ಗುಡಿಯ ಮಕ್ಕಳನ್ನು ಮನೆಮನೆಗೆ ಕರೆತಂದ ಶಂಕರ್ ನಾಗ್

ಕನ್ನಡ ಚಿತ್ರರಂಗದಲ್ಲಿ ಕೇವಲ 12 ವರ್ಷ ದುಡಿದು, 36 ತುಂಬುವ ಮೊದಲೇ ಅಗಲಿದ ಶಂಕರ್ ನಾಗ್ ಅವರನ್ನು ನಾಡು ಹಲವು ರೂಪಗಳಲ್ಲಿ ನೆನೆಯುತ್ತದೆ. ಆಟೊ ಚಾಲಕರಿಗೆ ಅವರು ಆಟೊ ರಾಜ. ರಂಗಾಸಕ್ತರಿಗೆ 'ಸಂಕೇತ್' ತಂಡದ ಕಟ್ಟಾಳು. ಸಾಹಸ ಚಿತ್ರಗಳ ಪ್ರೇಕ್ಷಕರಿಗೆ ಅವರು ಸಾಂಗ್ಲಿಯಾನ. ಆದರೆ ಕರ್ನಾಟಕದ ಗಡಿಯಾಚೆಗೂ ಅವರ ಹೆಸರನ್ನು ಉಳಿಸಿರುವುದು ಇವಾವುವೂ ಅಲ್ಲ. ಶಾಲೆಗೆ ಹೋಗಲು ಮನಸ್ಸಿಲ್ಲದ ಒಬ್ಬ ಪುಟ್ಟ ಹುಡುಗನನ್ನು ನಡುವೆ ನಿಲ್ಲಿಸಿ ಅವರು ರೂಪಿಸಿದ 'ಮಾಲ್ಗುಡಿ ಡೇಸ್' ಎಂಬ ದೂರದರ್ಶನ ಧಾರಾವಾಹಿ.

ಬೇಡಿಕೆಯ ನಾಯಕನಟನೊಬ್ಬ ತನ್ನ ಏಳಿಗೆಯ ಕಾಲದಲ್ಲಿ ಕ್ಯಾಮೆರಾದ ಹಿಂದೆ ನಿಂತು, ಮಕ್ಕಳ ತುಂಟತನ ಹಾಗೂ ಸಂಕಟಗಳನ್ನು ಕಿರುತೆರೆಗೆ ಅಳವಡಿಸಲು ತಿಂಗಳುಗಟ್ಟಲೆ ಸಮಯ ಕೊಟ್ಟದ್ದು ಅಂದಿಗೆ ಅಪರೂಪದ ಸಂಗತಿ. ಮಕ್ಕಳು ನೋಡುವ ಕಾರ್ಯಕ್ರಮವನ್ನೂ ದೊಡ್ಡವರ ಚಿತ್ರದಷ್ಟೇ ಶ್ರದ್ಧೆಯಿಂದ ಮಾಡಬೇಕೆಂಬುದನ್ನು ಶಂಕರ್ ನಾಗ್ ತಮ್ಮ ಕೆಲಸದಿಂದಲೇ ತೋರಿಸಿಕೊಟ್ಟರು. ಅವರ ಬದುಕನ್ನು ಈ ಒಂದು ಕೃತಿಯ ಬೆಳಕಿನಲ್ಲಿ ನೋಡುವುದು ಅರ್ಥಪೂರ್ಣ.

ಕಡಲತೀರದಿಂದ ಮುಂಬೈಗೆ

ಶಂಕರ್ ನಾಗರಕಟ್ಟೆ ಅವರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಭಾಗದಲ್ಲಿ ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಅಕ್ಕ ಶ್ಯಾಮಲಾ. ಅಣ್ಣ ಅನಂತ್ ನಾಗ್ ಮುಂದೆ ಭಾರತೀಯ ಚಿತ್ರರಂಗದ ಹೆಸರಾಂತ ನಟರಾದರು. ಆಗ ಉತ್ತರ ಕನ್ನಡವು ಮುಂಬೈ ರಾಜ್ಯಕ್ಕೆ ಸೇರಿತ್ತು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಒಳಗೊಂಡ ಗುಲ್ಬರ್ಗ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಕಡಲತೀರದ ಆ ಜಿಲ್ಲೆಯೂ ಭೀಮಾ ತೀರದ ಈ ಜಿಲ್ಲೆಯೂ 1956ರ ನವೆಂಬರ್ 1ರಂದು ಒಟ್ಟಿಗೇ ವಿಶಾಲ ಮೈಸೂರು ರಾಜ್ಯದ ಭಾಗವಾದವು.

ಕನ್ನಡ ನಾಡಿನಲ್ಲಿ ಹುಟ್ಟಿದರೂ ಶಂಕರ್ ಅವರ ಯೌವನ ಅರಳಿದ್ದು ಮುಂಬೈಯಲ್ಲಿ. ಅಲ್ಲಿ ಬ್ಯಾಂಕ್ ನೌಕರಿ ಮಾಡುತ್ತಲೇ ಮರಾಠಿ ರಂಗಭೂಮಿಯತ್ತ ಅವರು ಆಕರ್ಷಿತರಾದರು. ನಾಟಕದ ಬರವಣಿಗೆ, ಬೆಳಕು, ರಂಗಸಜ್ಜಿಕೆ, ನಿರ್ದೇಶನ ಎಲ್ಲವನ್ನೂ ಕೈಯಾರೆ ಮಾಡಿ ಕಲಿತರು. ಮುಂದೆ ಬಾಳಸಂಗಾತಿಯಾದ ಅರುಂಧತಿ ರಾವ್ ಅವರ ಪರಿಚಯವಾದದ್ದೂ ಇದೇ ರಂಗಭೂಮಿಯಲ್ಲಿ. ಒಂದು ತಂಡವನ್ನು ಕಟ್ಟಿಕೊಂಡು, ಇದ್ದ ಹಣದಲ್ಲಿ, ಗೊತ್ತುಪಡಿಸಿದ ದಿನಕ್ಕೆ ಪ್ರದರ್ಶನವನ್ನು ಸಿದ್ಧಗೊಳಿಸುವ ಶಿಸ್ತು ಅವರಿಗೆ ದಕ್ಕಿದ್ದು ಇಲ್ಲಿಯೇ. ಈ ಶಿಸ್ತೇ ಮುಂದೆ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಕಾಪಾಡಿತು.

ಗಿರೀಶ್ ಕಾರ್ನಾಡರು ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಮೂಲಕ ಶಂಕರ್ ಕನ್ನಡಕ್ಕೆ ಬಂದರು. ಬಾಡಿಗೆ ಯೋಧ ಗಂಡುಗಲಿಯ ಪಾತ್ರಕ್ಕಾಗಿ 1979ರಲ್ಲಿ ನವದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ ಲಭಿಸಿತು. ಮೊದಲ ಕನ್ನಡ ಚಿತ್ರದಲ್ಲಿಯೇ ಇಂಥ ಗೌರವ ಪಡೆದ ನಟರು ವಿರಳ.

ಜನಪ್ರಿಯತೆ ಮತ್ತು ಪ್ರಯೋಗ

ಬೆಂಗಳೂರಿಗೆ ಬಂದು ನೆಲೆಸಿದ ಶಂಕರ್, 1980ರಲ್ಲಿ ತೆರೆಕಂಡ 'ಆಟೊ ರಾಜ' ಚಿತ್ರದಿಂದ ಜನಸಾಮಾನ್ಯರ ನಾಯಕರಾದರು. ಅದೇ ವರ್ಷ ಅರುಂಧತಿ ಅವರೊಂದಿಗೆ ವಿವಾಹವಾಯಿತು. ಅದೇ ವರ್ಷ ತಮ್ಮ ಮೊದಲ ನಿರ್ದೇಶನದ 'ಮಿಂಚಿನ ಓಟ' ಚಿತ್ರವನ್ನೂ ಜನರ ಮುಂದಿಟ್ಟರು. ಆ ಚಿತ್ರ ರಾಜ್ಯ ಪ್ರಶಸ್ತಿಗೆ ಪಾತ್ರವಾಯಿತು. ಇಳಯರಾಜ ಅವರ ಸಂಗೀತದ 'ಗೀತಾ' (1981) ಯುವಜನರ ನಾಲಗೆಯ ಮೇಲೆ ನಲಿಯಿತು. ಶ್ರೀಮಂತರ ಮಗನ ಕಾರಿಗೆ ಸಿಕ್ಕು ಸತ್ತ ಬಡವರ ಕಥೆ ಹೇಳಿದ 'ಆಕ್ಸಿಡೆಂಟ್' ರಾಷ್ಟ್ರ ಪ್ರಶಸ್ತಿ ಪಡೆಯಿತು. ಡಾ. ರಾಜ್‌ಕುಮಾರ್ ನಾಯಕರಾಗಿದ್ದ 'ಒಂದು ಮುತ್ತಿನ ಕಥೆ' (1987) ಚಿತ್ರಕ್ಕಾಗಿ ಸಮುದ್ರದಾಳದಲ್ಲಿ ಚಿತ್ರೀಕರಣ ನಡೆಸುವ ಸಾಹಸವನ್ನೂ ಅವರು ಮಾಡಿದರು.

ಇಷ್ಟರ ನಡುವೆಯೂ ರಂಗಭೂಮಿಯನ್ನು ಶಂಕರ್ ಬಿಡಲಿಲ್ಲ. ಅಣ್ಣ ಅನಂತ್, ಪತ್ನಿ ಅರುಂಧತಿ, ಗೆಳೆಯ ರಮೇಶ್ ಭಟ್ ಮುಂತಾದವರೊಂದಿಗೆ ಕಟ್ಟಿದ 'ಸಂಕೇತ್' ತಂಡವು 'ಅಂಜು ಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', 'ನೋಡಿ ಸ್ವಾಮಿ ನಾವಿರೋದೇ ಹೀಗೆ' ನಾಟಕಗಳನ್ನು ಆಡಿತು. ಹಗಲಿನಲ್ಲಿ ಸಿನಿಮಾ, ಸಂಜೆ ತಾಲೀಮು ಎಂಬ ದಿನಚರಿ ಅವರದಾಗಿತ್ತು. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ನೆರೆಯ ಮದ್ರಾಸನ್ನು ಅವಲಂಬಿಸಬೇಕಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿಯೇ 'ಸಂಕೇತ್ ಎಲೆಕ್ಟ್ರಾನಿಕ್ಸ್' ಎಂಬ ಧ್ವನಿಮುದ್ರಣ ಕೇಂದ್ರವನ್ನು ಅವರು ಆರಂಭಿಸಿದರು. ಬೆಂಗಳೂರಿಗೆ ಮೆಟ್ರೊ ರೈಲು, ನಂದಿ ಬೆಟ್ಟಕ್ಕೆ ರೋಪ್‌ವೇ ಬರಬೇಕೆಂಬ ಅವರ ಕನಸುಗಳು ಆಗ ಹಲವರಿಗೆ ವಿಚಿತ್ರವಾಗಿ ಕಂಡಿದ್ದವು.

ಹಳ್ಳಿಗೆ ಬಂದ ಟಿ.ವಿ.

ಶಂಕರ್ ಕಿರುತೆರೆಯತ್ತ ಹೊರಳಿದ ಹೊತ್ತಿಗೆ ಟಿ.ವಿ. ಹೇಗಿತ್ತು ಎಂಬುದನ್ನು ತಿಳಿಯಲು ಈ ಭಾಗದ ಜನರು ದೂರ ಹೋಗಬೇಕಿಲ್ಲ. ರಾಜಧಾನಿ ಬೆಂಗಳೂರಿಗಿಂತ ಮೊದಲು ದೂರದರ್ಶನವನ್ನು ಕಂಡದ್ದು ಇದೇ ಬಿಸಿಲನಾಡು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತವು ನಡೆಸಿದ 'ಸೈಟ್' ಪ್ರಯೋಗವು ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಹಗಲಿನಲ್ಲಿ ಶಾಲಾ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಕೃಷಿ, ಆರೋಗ್ಯ ಕುರಿತ ಮಾಹಿತಿ ಬಿತ್ತರವಾಗುತ್ತಿತ್ತು. ಆ ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರು ಕೇಂದ್ರ ಕಣ್ತೆರೆದದ್ದು 1981ರ ನವೆಂಬರ್‌ನಲ್ಲಿ.

ಹೀಗೆ ಇಲ್ಲಿನ ಮಕ್ಕಳು ಟಿ.ವಿ.ಯನ್ನು ಮೊದಲು ಕಂಡದ್ದು ಪಾಠ ಹೇಳುವ ಮೇಷ್ಟ್ರ ರೂಪದಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ಬಣ್ಣದ ಪ್ರಸಾರ ಹಾಗೂ ರಾಷ್ಟ್ರೀಯ ಕಾರ್ಯಕ್ರಮ ಬಂದವು. 1984ರಲ್ಲಿ 'ಹಮ್ ಲೋಗ್' ಧಾರಾವಾಹಿಯು ಪ್ರಾಯೋಜಿತ ಕಥನಗಳಿಗೆ ದಾರಿ ತೆರೆಯಿತು. ಆದರೆ ಅವುಗಳಲ್ಲಿ ಹೆಚ್ಚಿನವು ಉತ್ತರ ಭಾರತದ ಸಂಸಾರದ ಕಥೆಗಳು. ಮಗುವನ್ನು ಬುದ್ಧಿವಾದಕ್ಕೆ ನೆಪವಾಗಿಸದೆ ಅದರ ಪಾಡಿಗೆ ಅದನ್ನು ನಗಲು, ಅಳಲು ಬಿಟ್ಟ ಕಥೆಗಳು ಇರಲಿಲ್ಲವೆನ್ನುವಷ್ಟು ಕಡಿಮೆ. ಆ ಕೊರತೆಯನ್ನು ತುಂಬಿದ್ದು 'ಮಾಲ್ಗುಡಿ ಡೇಸ್'.

ಆಗುಂಬೆಯೇ ಮಾಲ್ಗುಡಿ

ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಪ್ರಕಟವಾದದ್ದು 1935ರಲ್ಲಿ. ಅಲ್ಲಿಂದ ಮುಂದೆ ಅವರ ಹೆಚ್ಚಿನ ಕಥೆಗಳು ನಡೆಯುವುದು ಮಾಲ್ಗುಡಿ ಎಂಬ ಕಲ್ಪಿತ ಊರಿನಲ್ಲಿ. ಅವರ 'ದಿ ಗೈಡ್' ಕಾದಂಬರಿಯನ್ನು 1965ರಲ್ಲಿ ಹಿಂದಿ ಚಿತ್ರವಾಗಿಸಿದಾಗ ಮಾಲ್ಗುಡಿಯನ್ನು ರಾಜಸ್ಥಾನದತ್ತ ಸಾಗಿಸಲಾಗಿತ್ತು. ಇದರಿಂದ ನಾರಾಯಣ್ ತೀವ್ರ ಬೇಸರಗೊಂಡಿದ್ದರು. ಹೀಗಾಗಿ ಅವರ ಕಥೆಗಳನ್ನು ಮತ್ತೆ ತೆರೆಗೆ ತರುವವರಿಗೆ ಊರನ್ನು ಹುಡುಕುವುದೇ ಮೊದಲ ಪರೀಕ್ಷೆಯಾಗಿತ್ತು.

ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರು ನಿರ್ದೇಶನದ ಹೊಣೆಯನ್ನು ವಹಿಸಿದಾಗ ಶಂಕರ್ ಆಯ್ದುಕೊಂಡದ್ದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ಘಟ್ಟದ ನೆತ್ತಿಯ ಮೇಲಿನ ಆ ಊರಿನ ಹೆಂಚಿನ ಮನೆಗಳು, ಉದ್ದನೆಯ ಬೀದಿ, ಹಳೆಯ ದೊಡ್ಡಮನೆಯ ಪಡಸಾಲೆಗಳು 1930ರ ದಶಕವನ್ನು ನೆನಪಿಸುವಂತಿದ್ದವು. ಕಲಾ ನಿರ್ದೇಶಕ ಜಾನ್ ದೇವರಾಜ್ ಅವರು ಅಂಗಡಿ, ಫಲಕ, ಬೀದಿ ಎಲ್ಲವನ್ನೂ ಆ ಕಾಲಕ್ಕೆ ಹೊಂದಿಸಿದರು. ಎಸ್. ರಾಮಚಂದ್ರ ಅವರು ಛಾಯಾಗ್ರಹಣ ಮಾಡಿದರು. ಪರಿಚಯ ದೃಶ್ಯಗಳಿಗೆ ನಾರಾಯಣ್ ಅವರ ಸಹೋದರ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು ಜೀವ ತುಂಬಿದವು. ಕೆಲವು ರೈಲು ದೃಶ್ಯಗಳು ಅರಸಾಳು ನಿಲ್ದಾಣದಲ್ಲಿ ಚಿತ್ರಿತವಾದವು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಕಾಣಿಸಿಕೊಂಡರು. ಮಿಠಾಯಿ ವ್ಯಾಪಾರಿಯ ಕಥೆಯಲ್ಲಿ ಅನಂತ್ ನಾಗ್ ಮುಖ್ಯ ಪಾತ್ರ ವಹಿಸಿದರು. ವಿಷ್ಣುವರ್ಧನ್ ಅವರಂಥ ತಾರೆಯೂ ಒಂದು ಕಂತಿನಲ್ಲಿ ಸಾಮಾನ್ಯ ಗುಮಾಸ್ತನಾಗಿ ನಟಿಸಿದರು. 'ಸಂಕೇತ್' ತಂಡದ ಗೆಳೆಯರು ನಟನೆಯಲ್ಲಿಯೂ ತೆರೆಯ ಹಿಂದಿನ ಕೆಲಸದಲ್ಲಿಯೂ ಹೆಗಲು ಕೊಟ್ಟರು. 1986-87ರಲ್ಲಿ ಧಾರಾವಾಹಿಯು ದೂರದರ್ಶನದಲ್ಲಿ ಬಿತ್ತರವಾಗತೊಡಗಿತು. ಶಂಕರ್ ನಿರ್ದೇಶಿಸಿದ ಕಂತುಗಳ ಸಂಖ್ಯೆ 39.

ತಂಡದ ಬಲ

ಪಾಶ್ಚಾತ್ಯ ದೇಶಗಳಲ್ಲಿ ಎಳೆಯರನ್ನು ಟಿ.ವಿ.ಯತ್ತ ಸೆಳೆಯಲು ಬೇರೊಂದು ದಾರಿಯಿತ್ತು. ಅಮೆರಿಕದ ಎನ್‌ಬಿಸಿ ವಾಹಿನಿಯು 1966ರಲ್ಲಿ ಆರಂಭಿಸಿದ 'ದಿ ಮಂಕೀಸ್' ಎಂಬ ಹಾಸ್ಯ ಧಾರಾವಾಹಿಗಾಗಿ ನಾಲ್ವರು ಯುವಕರನ್ನು ಪರೀಕ್ಷಿಸಿ ಆರಿಸಿ, ಅವರನ್ನೇ ಪಾಪ್ ಗಾಯಕರ ತಂಡವಾಗಿ ರೂಪಿಸಲಾಯಿತು. 1968ರವರೆಗೆ ನಡೆದ ಆ ಧಾರಾವಾಹಿಯಿಂದ ಹಾಡುಗಳೂ ತಂಡವೂ ಜಗತ್ಪ್ರಸಿದ್ಧವಾದವು. ಪಾಪ್ ತಂಡಗಳೇ ನಟಿಸುವ ಮಕ್ಕಳ ಹಾಸ್ಯ ಧಾರಾವಾಹಿಗಳು ಮುಂದೆ ಅಲ್ಲಿ ಒಂದು ಪರಂಪರೆಯೇ ಆದವು.

ಅಲ್ಲಿ ಟಿ.ವಿ.ಗಾಗಿ ತಂಡ ಹುಟ್ಟಿತು; ಇಲ್ಲಿ ರಂಗಭೂಮಿಯಲ್ಲಿ ಆಗಲೇ ಹುಟ್ಟಿ ಬೆಳೆದಿದ್ದ ತಂಡವೊಂದು ಟಿ.ವಿ.ಗೆ ಬಂದಿತು. ಪರಸ್ಪರರ ಸಾಮರ್ಥ್ಯವನ್ನು ಬಲ್ಲವರು ಒಟ್ಟಾಗಿ ದುಡಿದುದರಿಂದ ಸಣ್ಣ ಪಾತ್ರಗಳೂ ಪೊಳ್ಳಾಗಲಿಲ್ಲ. ಗಾಯಕರ ತಂಡವಿಲ್ಲದಿದ್ದರೂ ರಾಗದ ಕೊರತೆಯಾಗಲಿಲ್ಲ. ಸಂಗೀತ ನಿರ್ದೇಶಕ ಎಲ್. ವೈದ್ಯನಾಥನ್ ಅವರು ಹೊಂದಿಸಿದ ಶೀರ್ಷಿಕೆಯ ಗುಂಗು ಮಾತಿನ ಹಂಗಿಲ್ಲದ ಒಂದು ಸ್ವರಮಾಲೆ. ಅರ್ಥ ಹುಡುಕಬೇಕಾದ ಪದಗಳಿಲ್ಲದ ಕಾರಣ ಯಾವ ಭಾಷೆಯ ಮಗುವಾದರೂ ಅದನ್ನು ಗುನುಗಬಹುದಿತ್ತು.

ನಗೆಯ ಹಿಂದಿನ ನೋವು

ಸ್ವಾಮಿಯ ಕಥೆ ಮೇಲ್ನೋಟಕ್ಕೆ ನಗೆಯ ಕಥೆ. ಸೋಮವಾರ ಬೆಳಿಗ್ಗೆ ಬಂತೆಂದರೆ ಅವನಿಗೆ ಜೀವವೇ ಬೇಡ. ಮಾವಿನ ಹಣ್ಣಿನ ಬೆಲೆಯ ಲೆಕ್ಕವನ್ನು ತಂದೆ ಕೊಟ್ಟರೆ, ಹಣ್ಣು ಮಾಗಿವೆಯೋ ಇಲ್ಲವೋ ಎಂಬುದು ತಿಳಿಯದೆ ಅವನಿಗೆ ಮುಂದೆ ಹೋಗಲಾಗದು. ಗೆಳೆಯರ ಕ್ರಿಕೆಟ್ ತಂಡಕ್ಕೆ ಹೆಸರಿಡುವುದೇ ಒಂದು ರಾಜಕಾರ್ಯ. ಆದರೆ ಈ ನಗೆಯ ಒಳಗೆ ಮೇಷ್ಟ್ರ ಬೆತ್ತದ ಭಯವಿದೆ. ಗೆಳೆಯರ ನಡುವಿನ ಬಡವ–ಬಲ್ಲಿದ ಭೇದವಿದೆ. ಸ್ವಾತಂತ್ರ್ಯ ಹೋರಾಟದ ಮೆರವಣಿಗೆಯಲ್ಲಿ ಟೋಪಿಯನ್ನು ಬೆಂಕಿಗೆಸೆದು ಮನೆಗೆ ಬರುವ ಹುಡುಗನ ಗೊಂದಲವಿದೆ. ಕೊನೆಗೆ, ಊರು ಬಿಟ್ಟು ಹೊರಟ ರಾಜಂ ಏರಿದ ರೈಲಿನ ಮುಂದೆ ನಿಂತ ಸ್ವಾಮಿಯ ಕೈಯಲ್ಲಿ ಗೆಳೆಯನಿಗೆಂದು ತಂದ ಪುಸ್ತಕವಿದೆ.

ಶಂಕರ್ ನಾಗ್ ಇದನ್ನು ಅತಿಶಯಗೊಳಿಸಲಿಲ್ಲ. ಸಾಹಸ ಚಿತ್ರಗಳ ವೇಗಕ್ಕೆ ಹೆಸರಾದ ಅವರು ಇಲ್ಲಿ ಕ್ಯಾಮೆರಾವನ್ನು ನಿಧಾನವಾಗಿಸಿದರು. ಮಗುವಿನ ಮುಖದಲ್ಲಿ ಅಳು ಬರುವ ಮುನ್ನ ಹಾದುಹೋಗುವ ಕ್ಷಣಕ್ಕೆ ಕಾದರು. ಮಕ್ಕಳಿಗೆ ದೊಡ್ಡವರ ಮಾತುಗಳನ್ನು ಬಾಯಿಪಾಠ ಮಾಡಿಸಿ ಒಪ್ಪಿಸುವ ಅಂದಿನ ಸಿನಿಮಾ ರೂಢಿಯಿಂದ ದೂರ ಉಳಿದರು. ದೊಡ್ಡವರೂ ಈ ಧಾರಾವಾಹಿಯ ಮುಂದೆ ಕುಳಿತದ್ದು ಇದೇ ಕಾರಣಕ್ಕೆ. ತಾವು ಮರೆತಿದ್ದ ಬಾಲ್ಯವನ್ನು ಅವರು ಅಲ್ಲಿ ಕಂಡರು.

ಭಾಷೆಯ ಪ್ರಶ್ನೆ

ಈ ಯಶಸ್ಸಿನಲ್ಲಿ ಕನ್ನಡಿಗರನ್ನು ಯೋಚನೆಗೆ ಹಚ್ಚುವ ಅಂಶವೂ ಇದೆ. ಕನ್ನಡದ ನಿರ್ದೇಶಕ, ಕನ್ನಡದ ಕಲಾವಿದರು, ಕನ್ನಡ ನಾಡಿನ ಊರು. ಆದರೆ ಧಾರಾವಾಹಿ ಮಾತನಾಡಿದ್ದು ಹಿಂದಿಯಲ್ಲಿ. ಮೊದಲ 13 ಕಂತುಗಳು ಹಿಂದಿಯೊಂದಿಗೆ ಇಂಗ್ಲಿಷ್‌ನಲ್ಲಿಯೂ ತಯಾರಾದವು. ಕನ್ನಡದಲ್ಲಿ ತಯಾರಾಗಲಿಲ್ಲ. ರಾಷ್ಟ್ರೀಯ ಪ್ರಸಾರದ ಅವಕಾಶ, ಪ್ರಾಯೋಜಕರ ಹಣ ಎರಡೂ ಇದ್ದದ್ದು ಹಿಂದಿಯ ಬಳಿ. ಕನ್ನಡದಲ್ಲಿ ಮಕ್ಕಳ ಧಾರಾವಾಹಿಗೆ ಅಷ್ಟು ಖರ್ಚು ಮಾಡಬಲ್ಲ ವೇದಿಕೆ ಆಗ ಇರಲಿಲ್ಲ.

ಹಳೆಯ ಮೈಸೂರಿನ ಹಳ್ಳಿಯ ಮಗುವಿಗೆ ಹೋಲಿಸಿದರೆ ಯಾದಗಿರಿ, ಸುರಪುರ ಭಾಗದ ಮಗುವಿಗೆ ಈ ಮಾತು ಅಷ್ಟು ಅಪರಿಚಿತವಲ್ಲ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಪ್ರದೇಶದ ಸಂತೆ, ಪೇಟೆಗಳಲ್ಲಿ ದಖನಿ ಉರ್ದು ಕಿವಿಗೆ ಬೀಳುತ್ತಲೇ ಇತ್ತು. ಇಲ್ಲಿಗೆ ಅಪರಿಚಿತವಾಗಿದ್ದದ್ದು ಮಾಲ್ಗುಡಿಯ ನೆಲ. ಮುದನಾಳದ ಸುತ್ತಲಿನ ಬಯಲುಸೀಮೆಗೂ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಗೂ ನೂರಾರು ಕಿಲೋಮೀಟರ್ ಅಂತರ. ಆದರೂ ಬೆತ್ತಕ್ಕೆ ಹೆದರುವ ಹುಡುಗ, ಕಥೆ ಹೇಳುವ ಅಜ್ಜಿ, ಲೆಕ್ಕ ಕೇಳುವ ಅಪ್ಪ ಎಲ್ಲ ಊರುಗಳಲ್ಲಿಯೂ ಇದ್ದರು.

ಕನ್ನಡ ಮಾತನಾಡುವ ಸ್ವಾಮಿಯನ್ನು ಟಿ.ವಿ.ಯಲ್ಲಿ ಕಾಣಲು ಕನ್ನಡದ ಮಕ್ಕಳು 2020ರವರೆಗೆ ಕಾಯಬೇಕಾಯಿತು. ಕೊರೊನಾ ಲಾಕ್‌ಡೌನ್‌ನಿಂದ ಹೊಸ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಖಾಸಗಿ ವಾಹಿನಿಯೊಂದು 'ಮಾಲ್ಗುಡಿ ಡೇಸ್' ಅನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಮೊದಲ ಪ್ರಸಾರವನ್ನು ನೋಡಿದ್ದ ಮಕ್ಕಳು ಆ ವೇಳೆಗೆ ತಾವೇ ತಂದೆ ತಾಯಿಯರಾಗಿದ್ದರು.

ಅರ್ಧಕ್ಕೆ ನಿಂತ ಪಯಣ

'ಮಾಲ್ಗುಡಿ ಡೇಸ್' ನಂತರವೂ ಶಂಕರ್ ವಿಶ್ರಮಿಸಲಿಲ್ಲ. 'ಸಾಂಗ್ಲಿಯಾನ' (1988), 'ಸಿಬಿಐ ಶಂಕರ್' (1989) ಚಿತ್ರಗಳು ಅವರನ್ನು ಜನಪ್ರಿಯತೆಯ ತುದಿಗೆ ಒಯ್ದವು. ಗಿರೀಶ್ ಕಾರ್ನಾಡರ 'ನಾಗಮಂಡಲ' ನಾಟಕವನ್ನು ರಂಗಕ್ಕೆ ತಂದದ್ದೂ ಇದೇ ಅವಧಿಯಲ್ಲಿ. 1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕಾಗಿ ಮುಧೋಳ ಭಾಗದ ಲೋಕಾಪುರಕ್ಕೆ ಹೊರಟಿದ್ದ ಅವರ ಕಾರು ದಾವಣಗೆರೆ ಸಮೀಪದ ಆನಗೋಡು ಬಳಿ ಅಪಘಾತಕ್ಕೀಡಾಯಿತು. ಜೊತೆಯಲ್ಲಿದ್ದ ಪತ್ನಿ ಅರುಂಧತಿ ಮತ್ತು ಪುಟ್ಟ ಮಗಳು ಬದುಕುಳಿದರು. ಶಂಕರ್ ಉಳಿಯಲಿಲ್ಲ. ಅವರಿಗೆ ಆಗ 35 ವರ್ಷ.

ಗಾಯಗಳಿಂದ ಚೇತರಿಸಿಕೊಂಡ ಅರುಂಧತಿ ನಾಗ್, ನಾಟಕಕ್ಕೆಂದೇ ಒಂದು ಮಂದಿರವಿರಬೇಕೆಂಬ ಪತಿಯ ಆಸೆಯನ್ನು ಕೈಬಿಡಲಿಲ್ಲ. ವರ್ಷಗಳ ಪರಿಶ್ರಮದ ಬಳಿಕ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ತೆರೆಯಿತು. ಮಕ್ಕಳಿಗಾಗಿ ಪ್ರತ್ಯೇಕ ರಂಗ ಕಾರ್ಯಕ್ರಮವೊಂದನ್ನು ಆ ಸಂಸ್ಥೆ ರೂಪಿಸಿಕೊಂಡಿರುವುದು ಶಂಕರ್ ಅವರ ಮನೋಧರ್ಮಕ್ಕೆ ತಕ್ಕುದೇ ಆಗಿದೆ. ಮಾಲ್ಗುಡಿಯ ಕಥೆಗಳು ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ 2006ರಲ್ಲಿ ಹೊಸ ಕಂತುಗಳಾಗಿ ಮತ್ತೆ ತೆರೆಗೆ ಬಂದವು. ಅರಸಾಳಿನ ಹಳೆಯ ರೈಲು ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿತು. ಅಂದು ಧಾರಾವಾಹಿಯ ಬೀದಿಗಳನ್ನು ಸಜ್ಜುಗೊಳಿಸಿದ್ದ ಜಾನ್ ದೇವರಾಜ್ ಅವರೇ ಆ ಕೆಲಸದಲ್ಲಿಯೂ ತೊಡಗಿದ್ದರು. ಅವರ ಕಲ್ಪನೆಯ ಬೆಂಗಳೂರು ಮೆಟ್ರೊ 2011ರಲ್ಲಿ ಓಡತೊಡಗಿತು.

ರಾಜ್ಯದ ಆಟೊ ನಿಲ್ದಾಣಗಳಲ್ಲಿ ಶಂಕರ್ ನಾಗ್ ಅವರ ಭಾವಚಿತ್ರ ಇಂದಿಗೂ ಕಾಣಸಿಗುತ್ತದೆ. ಅದು ಜನ ಅವರಿಗೆ ಸಲ್ಲಿಸಿದ ಗೌರವ. ಮಕ್ಕಳ ಪಾಲಿನ ಋಣ ಮಾತ್ರ ಹಾಗೆಯೇ ಉಳಿದಿದೆ. ಕನ್ನಡದಲ್ಲಿ ಈಗ ಹತ್ತಾರು ವಾಹಿನಿಗಳಿವೆ. ದಿನವಿಡೀ ಧಾರಾವಾಹಿಗಳು ಬರುತ್ತವೆ. ಮಕ್ಕಳನ್ನು ವೇದಿಕೆಗೆ ಹತ್ತಿಸಿ ದೊಡ್ಡವರಂತೆ ಕುಣಿಸುವ ಸ್ಪರ್ಧೆಗಳಿಗೂ ಬರವಿಲ್ಲ. ಆದರೆ ಸೋಮವಾರದ ಶಾಲೆಗೆ ಹೆದರುವ ಮಗುವಿನ ಬಳಿ ಕುಳಿತು, ಅದರ ಕಥೆಯನ್ನು ಅದರದೇ ಭಾಷೆಯಲ್ಲಿ ಹೇಳುವ ಕೆಲಸಕ್ಕೆ ಒಬ್ಬ ಜನಪ್ರಿಯ ನಾಯಕ ತನ್ನ ಇಡೀ ತಂಡದೊಡನೆ ಮುಂದಾದದ್ದು ಅಪರೂಪದಲ್ಲಿ ಅಪರೂಪ. ಹಿಂದಿಯಲ್ಲಿ ಶಂಕರ್ ಮಾಡಿ ತೋರಿಸಿದ್ದನ್ನು ಕನ್ನಡದಲ್ಲಿ ಮಾಡಲು ಇಂದು ಭಾಷೆಯ ಅಡ್ಡಿಯಿಲ್ಲ, ಪ್ರಸಾರದ ಅಡ್ಡಿಯೂ ಇಲ್ಲ. ಬೇಕಾಗಿರುವುದು ಮಕ್ಕಳಿಗಾಗಿ ಸಮಯ ಕೊಡುವ ಮನಸ್ಸು.